ಪ್ರಸಾದಕ್ಕೆ ಏಳದ ಹುಡುಗಿ

"ಅಲ್ಲಿ ಕೂರಬೇಡಿ."

ಅವಳು ಬೆಚ್ಚಿ ತಿರುಗಿದಳು. ಕೀಬೋರ್ಡಿನ ಹಿಂದಿನಿಂದ ದಪ್ಪ ಕನ್ನಡಕದ ಯುವಕನೊಬ್ಬ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

ಕೆಳಗೆ ಚರ್ಚಿನಲ್ಲಿ ಬಲಿಪೂಜೆ ಶುರುವಾಗಿತ್ತು. ಬೆಂಚುಗಳೆಲ್ಲ ತುಂಬಿದ್ದರಿಂದ ಮೆಟ್ಟಿಲು ಕಂಡಲ್ಲಿ ಹತ್ತಿ ಬಂದಿದ್ದಳು. ಅದು ಗಾಯಕರ ಅಟ್ಟ ಅಂತ ಅವಳಿಗೇನು ಗೊತ್ತು? ಆ ಊರಿಗೆ ಬಂದು ಇನ್ನೂ ವಾರವಾಗಿರಲಿಲ್ಲ.

"ಇದು ಹಾಡೋರ ಜಾಗ," ಅವನು ಪಿಸುಗುಟ್ಟಿದ. "ಕೂರೋದಾದ್ರೆ ಹಾಡ್ಬೇಕು."

ಹಿಟ್ಟು ಮೆತ್ತಿದ ತೋಳನ್ನು ಮರೆಮಾಡಿಕೊಂಡು ಅವಳು ಕೂತೇಬಿಟ್ಟಳು. ಹಾಡಿದಳು ಕೂಡ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಬೆರಳು ತಪ್ಪು ಸ್ವರ ಒತ್ತಿತು. ಇಷ್ಟು ವರ್ಷ ನುಡಿಸಿದವನಿಗೆ ಇವತ್ತೇನಾಯಿತು ಅಂತ ಗಾಯಕರೆಲ್ಲ ಅವನ ಮುಖ ನೋಡಿದರು.

ಆವತ್ತಿನಿಂದ ಆ ಅಟ್ಟವೇ ಅವಳ ಮನೆಯಾಯಿತು. ಅಪ್ಪ ಅಮ್ಮ ಇಲ್ಲದವಳು, ತಾನು ಕೆಲಸ ಮಾಡುವ ಬೇಕರಿಯ ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ಇರುವವಳು. ಶನಿವಾರ ಸಂಜೆಯ ಅಭ್ಯಾಸಕ್ಕೆ ಯಾರಾದರೂ ಫ್ಲಾಸ್ಕಿನಲ್ಲಿ ಚಹಾ ತಂದರೆ ಮೊದಲ ಲೋಟ ಅವಳಿಗೇ. ಒಮ್ಮೆ ಜ್ವರ ಬಂದು ಮಲಗಿದಾಗ ಅರ್ಧ ಗಾಯನ ತಂಡವೇ ಮಾತ್ರೆ ಹಿಡಿದು ಬಾಗಿಲು ತಟ್ಟಿತ್ತು.

ಕನ್ನಡಕದ ಅಂಗಡಿ ಇಟ್ಟಿದ್ದ ಅವನನ್ನು ಎಲ್ಲರೂ 'ಕನ್ನಡಕ' ಅಂತಲೇ ಕರೆಯುತ್ತಿದ್ದರು. ಅವಳಿಗೆ ಮಾತ್ರ ಹಾಗೆ ಕರೆಯಲು ಬಾಯಿ ಬರುತ್ತಿರಲಿಲ್ಲ. ಅವಳೊಬ್ಬಳೇ ಮುಂದೆ ನಿಂತು ಹಾಡಲಿ ಅಂತ ಅವನು ಒಂದು ಕೀರ್ತನೆ ಕಲಿಸುತ್ತಿದ್ದ. ಕಲಿತದ್ದಕ್ಕಿಂತ ಅವನ ಮುಖ ನೋಡಿದ್ದೇ ಹೆಚ್ಚು ಅನ್ನುವುದು ಅವಳಿಗಷ್ಟೇ ಗೊತ್ತು.

ಒಂದೇ ಒಂದು ಕೊರತೆ. ಪಾದ್ರಿಗಳು ಪರಮಪ್ರಸಾದ ಕೊಡುವ ಹೊತ್ತಿಗೆ ಎಲ್ಲರೂ ಕೆಳಗಿಳಿದು ಸಾಲು ನಿಲ್ಲುವಾಗ ಅವಳು ಮಾತ್ರ ಅಟ್ಟದಲ್ಲೇ ಮೊಣಕಾಲೂರುತ್ತಿದ್ದಳು.

ಪ್ರಸಾದ ಸ್ವೀಕರಿಸುವ ಮೊದಲು ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ. ಬೇಕರಿ ಯಜಮಾನರಿಗೋ ಒಂದು ಕೆಟ್ಟ ಜ್ವರದ ನಂತರ ನಾಲಿಗೆಯ ರುಚಿಯೇ ಹೋಗಿತ್ತು. ಕೊನೆಯ ಟ್ರೇಯ ಒಂದು ಬನ್ನನ್ನು ಅವಳು ತಿಂದು "ಸರಿಯಿದೆ" ಅಂದ ಮೇಲೇ ಶಟರ್ ಮೇಲೇಳುತ್ತಿತ್ತು. ತಿಂದ ಕೈಯಲ್ಲೇ ಅವಳು ಚರ್ಚಿಗೆ ಓಡಬೇಕು, ಅಲ್ಲಿ ಭಾನುವಾರಕ್ಕೆ ಇದ್ದದ್ದು ಅದೊಂದೇ ಪೂಜೆ.

ಇದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕೇಳದವರು ಸುಮ್ಮನಿರುತ್ತಾರೆಯೇ? ಪೀಠಕ್ಕೆ ಹೂ ಜೋಡಿಸುವ ದೊಡ್ಡಮ್ಮ, ಅಂದರೆ ಕನ್ನಡಕದವನ ತಾಯಿಯ ಅಕ್ಕ, ತಾವೇ ಲೆಕ್ಕಾಚಾರ ಹಾಕಿದರು. ತಪ್ಪದೆ ಚರ್ಚಿಗೆ ಬರುವವಳು ಪ್ರಸಾದಕ್ಕೆ ಮಾತ್ರ ಏಳುವುದಿಲ್ಲ ಅಂದರೆ ಎಲ್ಲೋ ಗಂಡನನ್ನು ಬಿಟ್ಟು ಇನ್ಯಾರದೋ ಜೊತೆ ಸಂಸಾರ ಹೂಡಿರಬೇಕು, ಅಂಥವರಿಗೆ ತಾನೇ ಚರ್ಚು ಪ್ರಸಾದ ಕೊಡದು! ಹೂದಾನಿಯ ಹತ್ತಿರ ಹುಟ್ಟಿದ ಈ ಮಾತು ಅಟ್ಟ ಹತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆ ಶನಿವಾರ ಅಭ್ಯಾಸಕ್ಕೆ ಬಂದಾಗ ಅವಳ ಕೀರ್ತನೆಯ ಹಾಳೆ ಬೇರೊಬ್ಬಳ ಕೈಯಲ್ಲಿತ್ತು. ಅವನು ತಲೆಯೆತ್ತಲಿಲ್ಲ. ಚಹಾದ ಲೋಟ ಅವಳನ್ನು ದಾಟಿ ಮುಂದೆ ಹೋಯಿತು.

ನಾನೇನು ತಪ್ಪು ಮಾಡಿದೆ... ಮೈಯೆಲ್ಲ ಬೇಕರಿ ವಾಸನೆ ಅಂತಲಾ?

"ನನ್ನ ಹಾಡು ಯಾಕೆ ತೆಗೆದ್ರಿ?" ಎಲ್ಲರೆದುರೇ ಕೇಳಿದಳು.

ಹೂ ಜೋಡಿಸಿ ಮೇಲೆ ಬಂದಿದ್ದ ದೊಡ್ಡಮ್ಮನೇ ಬಾಯಿಬಿಟ್ಟರು. "ಬೇಜಾರು ಮಾಡ್ಕೋಬೇಡ ಮಗಳೇ. ಪ್ರಸಾದ ತಗೊಳ್ಳೋಕೆ ಆಗದೇ ಇರೋಳು ಮುಂದೆ ನಿಂತು ಹಾಡಿದ್ರೆ ನಾಲ್ಕು ಜನ ಏನಂತಾರೆ? ನಿನ್ನ ಗಂಡ ಎಲ್ಲಿದ್ದಾನೆ, ಏನು ಕಥೆ, ಅದೆಲ್ಲ ನಮಗೆ ಬೇಡ..."

ಗಂಡ!

ನಗು ಬರಬೇಕಿತ್ತು, ಬಂದದ್ದು ಅಳು. ಅದನ್ನೂ ನುಂಗಿಕೊಂಡಳು. ಒಂದೇ ಮಾತಿನಲ್ಲಿ ಎಲ್ಲ ಬಗೆಹರಿಯುತ್ತಿತ್ತು, ಆದರೆ ಆ ಮಾತಾಡಲು ಮನಸ್ಸು ಒಪ್ಪಲಿಲ್ಲ. ಇವರೆಲ್ಲ ನನ್ನವರು ಅಂದುಕೊಂಡಿದ್ದೆನಲ್ಲ...

ಅವನ ಕಡೆ ತಿರುಗಿದಳು. "ನೀವೊಬ್ರಾದ್ರೂ ಕೇಳಬಹುದಿತ್ತು. ನಾಳೆಯಿಂದ ನಾನು ಬರೋದಿಲ್ಲ."

ಮರುದಿನ ಬೆಳಿಗ್ಗೆ ಬೇಕರಿಯ ಹಿಂಬಾಗಿಲಲ್ಲಿ ಅವನು ನಿಂತಿದ್ದ. ಕಣ್ಣು ಕೆಂಪಾಗಿತ್ತು, ಅಂಗಿಯ ಗುಂಡಿ ಹೆಚ್ಚುಕಡಿಮೆಯಾಗಿತ್ತು. ಅವಳು ಕಂಡೂ ಕಾಣದವಳ ಹಾಗೆ ಕೊನೆಯ ಟ್ರೇ ಎಳೆದಳು. ಯಜಮಾನರು ಒಂದು ಬನ್ನು ತೆಗೆದು ಅವಳ ಕೈಗಿಟ್ಟರು.

"ಉಪ್ಪು ನೋಡಮ್ಮ. ಬೇಗ ಹೇಳು, ನಿನ್ನ ಪೂಜೆಗೆ ಹೊತ್ತಾಯ್ತು."

ಅವಳು ಕಚ್ಚಿ, ಅಗಿದು, ನುಂಗಿ, ತಲೆಯಾಡಿಸಿದಳು. ಅವನು ಕಣ್ಣು ಕೀಳದೆ ನೋಡುತ್ತಿದ್ದ.

"ಪ್ರತಿ ಭಾನುವಾರನೂ... ಹೀಗೇನಾ?"

"ಹೀಗೇ."

"ಅದಕ್ಕೇ ನೀವು ಕೆಳಗೆ ಇಳಿಯಲ್ವಾ?"

"ಅದಕ್ಕೇ. ಗಂಡ ಇದ್ದಾನೆ ಅಂತಲ್ಲ."

ಅವನ ಮುಖ ಬಿಳಿಚಿತು. ಊರಿನವರಿಗೆಲ್ಲ ಕಣ್ಣು ಸರಿಮಾಡಿ ಕೊಡುವವನಿಗೆ ಎದುರಿಗಿದ್ದದ್ದೇ ಕಂಡಿರಲಿಲ್ಲ. ಅವನು ಒಳಗೆ ಬಂದ. ಅವಳ ಕೈಯಲ್ಲಿ ಉಳಿದಿದ್ದ ಬನ್ನಿನ ತುಂಡನ್ನು ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟ.

"ಏನ್ ಮಾಡಿದ್ರಿ! ಇವತ್ತು ನಿಮಗೂ ಪ್ರಸಾದ..."

"ಗೊತ್ತು," ಅಂದ. "ಬನ್ನಿ."

ಪ್ರಸಾದದ ಹೊತ್ತು ಬಂತು. ಗಾಯಕರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಅವನು ಇಳಿಯಲಿಲ್ಲ. ಅವಳ ಪಕ್ಕದಲ್ಲೇ ಮೊಣಕಾಲೂರಿದ. ಕೆಳಗಿನ ಸಾಲಿನಿಂದ ಒಂದೊಂದೇ ತಲೆ ಮೇಲಕ್ಕೆ ಹೊರಳಿತು, ದೊಡ್ಡಮ್ಮನದೂ. ಆ ಅಟ್ಟದಲ್ಲಿ ಇವತ್ತು ಅವಳು ಒಂಟಿಯಾಗಿರಲಿಲ್ಲ.

ಪೂಜೆ ಮುಗಿದದ್ದೇ ದೊಡ್ಡಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು, ಹಿಂದೆಯೇ ಉಳಿದವರೂ. ಅವನು ಬನ್ನು, ಉಪ್ಪು, ಯಜಮಾನರ ನಾಲಿಗೆ ಎಲ್ಲವನ್ನೂ ನಿಧಾನವಾಗಿ ಹೇಳಿದ. ದೊಡ್ಡಮ್ಮ ಅವಳ ಪಕ್ಕ ಬಂದು ಕೂತರು.

"ತಪ್ಪಾಯ್ತು ಮಗಳೇ," ಅಂದು ಅವಳ ಕೈ ಹಿಡಿದುಕೊಂಡರು. ಆಮೇಲೆ ಕಣ್ಣೊರೆಸಿಕೊಂಡು, "ಮುಂದಿನ ಭಾನುವಾರ ಆ ಬನ್ನು ನಾನು ತಿಂತೀನಿ. ನೀನು ಸಾಲಿನಲ್ಲಿ ನಿಲ್ಲು. ಉಪ್ಪಿನ ವಿಷಯದಲ್ಲಿ ನನ್ನ ನಾಲಿಗೆ ತಪ್ಪಲ್ಲ."

"ಬೇರೆ ವಿಷಯದಲ್ಲಿ ತಪ್ಪುತ್ತೆ," ಅಂದ ಅವನು.

ಅದರ ಮುಂದಿನ ವಾರ ತಾನು, ಆಮೇಲೆ ತಾನು ಅಂತ ಗಾಯಕರಲ್ಲಿ ಸರದಿಯೇ ನಿಗದಿಯಾಯಿತು. ಅವಳು ಆಗ ಅತ್ತಳು, ಮುಚ್ಚುಮರೆಯಿಲ್ಲದೆ.

ಎಲ್ಲರೂ ಹೋದ ಮೇಲೆ ಅವನು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಾ ಕೂತಿದ್ದ.

"ಯಾಕೆ ಕೇಳ್ಲಿಲ್ಲ ನನ್ನ?" ಅಂದಳು.

"ಹೌದು ಅಂದುಬಿಟ್ರೆ ಅಂತ ಭಯ ಇತ್ತು." ಕನ್ನಡಕ ತೆಗೆದು ಒರೆಸಿದ. "ಈಗ ಕೇಳ್ತೀನಿ. ನಿಮಗೆ ಗಂಡ ಇದ್ದಾನಾ?"

"ಇಲ್ಲ."

"ಬೇಕಾ?"

ಅವಳು ಕೈ ಚಾಚಿದಳು. "ಮೊದಲು ನನ್ನ ಹಾಡು ವಾಪಸ್ ಕೊಡಿ."

ಅವನು ಕೀರ್ತನೆಯ ಹಾಳೆಯನ್ನು ಅವಳ ಕೈಗಿಟ್ಟ. "ಕೊಟ್ಟೆ."

"ಹಾಗಾದ್ರೆ... ಬೇಕು."