ನೀರು ನಿಂತಿದೆ

ಶೀಷೆಯೊಳಗೇ ಔಷಧಿ ಸತ್ತಿತ್ತು. ಅದು ಸತ್ತಿದೆ ಎಂದು ಗೊತ್ತಾಗುವುದಕ್ಕೆ ಒಬ್ಬ ಹೆಂಗಸು ಸಾಯಬೇಕಾಯಿತು.

ಬಟ್ಟೆ ಹೊಲಿದು ಬದುಕುತ್ತಿದ್ದವಳು. ಸಕ್ಕರೆ ಕಾಯಿಲೆ. ಸರ್ಕಾರಿ ಆಸ್ಪತ್ರೆ ಕೊಟ್ಟ ಇನ್ಸುಲಿನ್ನನ್ನು ಹೊತ್ತು ತಪ್ಪದೆ ಚುಚ್ಚಿಕೊಳ್ಳುತ್ತಿದ್ದಳು. ಆದರೂ ಸಕ್ಕರೆ ಏರುತ್ತಲೇ ಹೋಯಿತು. ಎಚ್ಚರ ತಪ್ಪಿದವಳು ಮತ್ತೆ ಏಳಲಿಲ್ಲ. ಆ ವಾರವೇ ಇನ್ನೂ ಕೆಲವರು ಹಾಗೆ ಬಿದ್ದರು. ವೈದ್ಯರಿಗೆ ಅನುಮಾನ ಬಂತು. ಶೀಷೆಗಳು ಪರೀಕ್ಷೆಗೆ ಹೋದವು. ಉತ್ತರ ಚುಟುಕಾಗಿತ್ತು: ಬಿಸಿಗೆ ಕೆಟ್ಟಿದೆ. ಇದರಲ್ಲಿ ಏನೂ ಉಳಿದಿಲ್ಲ.

"ಅಂದ್ರೆ ಅವಳು ಇಷ್ಟು ದಿನ ಚುಚ್ಚಿಕೊಂಡಿದ್ದು ಬರೀ ನೀರಾ ಮೇಡಂ?" ಸತ್ತವಳ ಗಂಡ ಕೇಳಿದ.

ಎಸ್‌ಐ ಆ ಪ್ರಶ್ನೆಯನ್ನೂ ಬರೆದುಕೊಂಡಳು. ಅವಳ ಹತ್ತಿರ ಇರುತ್ತಿದ್ದದ್ದು ಪ್ರಶ್ನೆಗಳು ಮಾತ್ರ. ಮಾತುಮಾತಿಗೂ 'ಯಾಕೆ' ಅನ್ನುತ್ತಾಳೆಂದು ಠಾಣೆಯವರು ಬೆನ್ನ ಹಿಂದೆ ಅವಳನ್ನು ಯಾಕಮ್ಮ ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಔಷಧಿ ಕೋಣೆಯ ಮೂಲೆಯಲ್ಲಿ ಎರಡು ಬಾಗಿಲಿನ ಬಿಳಿ ಫ್ರಿಜ್ಜು. ಮೇಲೆ ಐಸ್ ಪೆಟ್ಟಿಗೆ. ಕೆಳಗೆ ಔಷಧಿ. ಎಸ್‌ಐ ಕೆಳಗಿನ ಬಾಗಿಲು ತೆಗೆದು ಕೈ ಇಟ್ಟಳು. ಚಳಿ ಮೊಣಕೈವರೆಗೂ ಏರಿತು.

"ನೋಡಿದ್ರಲ್ಲ, ಹೇಗೆ ಕೊರೀತಾ ಇದೆ," ಆಡಳಿತಾಧಿಕಾರಿ ಹೇಳಿದ. "ಎರಡು ದಿನದಿಂದ ಬರೀ ಮೀಟಿಂಗು, ನಿಮ್ಮ ಜೊತೆಗೇ ನಾನೂ ಈ ಕೋಣೆಗೆ ಕಾಲಿಡ್ತಾ ಇರೋದು. ಆದ್ರೂ ಹೇಳ್ತೀನಿ, ಯಂತ್ರದ್ದೇನೂ ತಪ್ಪಿಲ್ಲ. ಯಂತ್ರದ್ದಲ್ಲ ಅಂದ್ಮೇಲೆ ಮನುಷ್ಯರದ್ದೇ." ಅವನ ಗದ್ದ ಬಾಗಿಲ ಬಳಿ ನಿಂತಿದ್ದ ಆಯಾಳ ಕಡೆ ತಿರುಗಿತು. "ಒರೆಸೋಕೆ ಅಂತ ಬಾಗಿಲು ತೆಗೀತಾಳೆ, ಹಾಗೇ ಬಿಟ್ಟು ಹೋಗ್ತಾಳೆ. ನಾನೇ ಎಷ್ಟೋ ಸಲ ಮುಚ್ಚಿದ್ದೀನಿ."

"ನಾನು ಬಾಗಿಲು ಬಿಡೋಳಲ್ಲ ತಾಯಿ," ಆಯಾ ಹೇಳಿದಳು. "ಮನೇಲಿ ಫ್ರಿಜ್ ಇಲ್ಲದೋಳಿಗೆ ಫ್ರಿಜ್ ಬಾಗಿಲಿನ ಬೆಲೆ ಗೊತ್ತಿರುತ್ತೆ. ಇವತ್ತು ಬೆಳಿಗ್ಗೆ ಬಂದಾಗಲೂ ಮುಚ್ಚೇ ಇತ್ತು. ಬಕೀಟುಗಟ್ಟಲೆ ನೀರು ಒರೆಸಿದ್ದೀನಿ. ನೀವು ಯಾರೂ ಬರೋಕೆ ಮುಂಚೆ ಒಣಗಿಸಿಟ್ಟಿದ್ದೀನಿ, ಯಾರೂ ಜಾರಬಾರದು ಅಂತ."

ಒರೆಸುವವಳು ಒರೆಸಿದ್ದಾಳೆ, ಅದರಲ್ಲೇನು ವಿಶೇಷ. ಎಸ್‌ಐ ಕೂಡ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರಿಂದ ಫೋನ್ ಬಂತು. ಊರೆಲ್ಲ ಬಾಯಿ ಬಡಿದುಕೊಳ್ಳುತ್ತಿದೆ, ಯಾರನ್ನಾದರೂ ಒಳಗೆ ಹಾಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆಯಾ ಜೈಲಿಗೆ ಹೋದಳು. ಜಾಮೀನಿಗೆ ನಿಲ್ಲುವವರು ಯಾರೂ ಬರಲಿಲ್ಲ.

*

ಜಪ್ತಿಯಾದ ಶೀಷೆಗಳನ್ನು ತಣ್ಣಗಿಡಬೇಕಿತ್ತು. ಠಾಣೆಯಲ್ಲಿ ಫ್ರಿಜ್ಜಿರಲಿಲ್ಲ. ಹಾಗಾಗಿ ಆ ಫ್ರಿಜ್ಜನ್ನೇ ಜಪ್ತಿ ಮಾಡಿ, ಜೀಪಿನಲ್ಲಿ ತಂದು, ದಾಖಲೆ ಕೋಣೆಯಲ್ಲಿ ಪ್ಲಗ್ ಹಾಕಿ ಇಟ್ಟರು. ಬಾಗಿಲು ಅಲುಗದಂತೆ ಹಳೇ ಪೇದೆ ಅದಕ್ಕೊಂದು ಹಗ್ಗ ಕಟ್ಟಿದ.

ಒಂದು ದಿನ ಅದೇ ಪೇದೆ ಬಂದು ಮೇಜಿನೆದುರು ನಿಂತ. ಟೋಪಿ ಕೈಯಲ್ಲಿತ್ತು.

"ಮೇಡಂ, ಒಂದು ತಪ್ಪಾಗಿದೆ. ಹಾಲು ಒಡೀತು."

"ಯಾವ ಹಾಲು?"

"ಮಾಲಿನ ಫ್ರಿಜ್ಜಿನಲ್ಲಿಟ್ಟಿದ್ದು."

ಎಸ್‌ಐ ಪೆನ್ನು ಕೆಳಗಿಟ್ಟಳು. "ಜಪ್ತಿ ಮಾಲಿನಲ್ಲಿ ಹಾಲಿಡ್ತೀರಾ?"

"ಟೀಗೆ ಮೇಡಂ." ಪೇದೆ ನೆಲ ನೋಡಿದ. "ನೀವೂ ಕುಡಿದಿದ್ದೀರಿ."

ಎಸ್‌ಐ ಪೆನ್ನು ಮತ್ತೆ ಎತ್ತಿಕೊಂಡಳು. "ಬಾಗಿಲು ಸರಿಯಾಗಿ ಹಾಕಿರಲಿಲ್ಲವೇನೋ."

"ಅದು ಹೇಗಾಗುತ್ತೆ? ಹಾಲು ತೆಗೆದ ಕೂಡಲೇ ಹಗ್ಗ ಬಿಗೀತೀನಿ. ನನ್ನ ಗಂಟು ನನಗೇ ಬಿಚ್ಚೋಕೆ ಬರಲ್ಲ. ಮೊದಮೊದಲು ಹಲ್ಲು ಜುಮ್ಮೆನ್ನೋ ಹಾಗಿತ್ತು. ಈಗೀಗ ಕೆಳಗೆ ಬೆಚ್ಚಗೆ. ಮೇಲೆ ಮಾತ್ರ ಕಲ್ಲು."

ಎಸ್‌ಐ ಎದ್ದು ನಿಂತಳು. ಆಯಾ ಜೈಲಿನಲ್ಲಿ. ಬಾಗಿಲು ಹಗ್ಗದಲ್ಲಿ. ಆದರೂ ಕೆಳಗೆ ಬಿಸಿ.

ಯಾಕೆ?

*

ಫ್ರಿಜ್ ರಿಪೇರಿ ಮಾಡುವವನು ಅವಳ ಅಕ್ಕನ ಗಂಡನೇ. ಠಾಣೆಯ ಮೆಟ್ಟಿಲು ಹತ್ತುತ್ತಲೇ ರೋಗ ಹೇಳಿದ.

"ಗ್ಯಾಸ್ ಹೋಗಿದೆ."

"ಇನ್ನೂ ನೋಡೇ ಇಲ್ಲವಲ್ಲ ಭಾವ."

"ನೋಡೋದೇನು? ಫ್ರಿಜ್ ಅಂದ್ರೆ ಗ್ಯಾಸ್ ಹೋಗೋದೇ. ಇಪ್ಪತ್ತು ವರ್ಷದಿಂದ ತುಂಬಿಸ್ತಾ ಇದ್ದೀನಿ."

"ಗ್ಯಾಸ್ ಹೋಗಿದ್ರೆ ಮೇಲಿನ ಪೆಟ್ಟಿಗೆ ಯಾಕೆ ಕಲ್ಲಾಗಿದೆ?"

ಭಾವ ಮೇಲಿನ ಬಾಗಿಲು ತೆಗೆದು ನೋಡಿದ. "ನಿಮ್ಮಕ್ಕನೂ ಹೀಗೇ. ಒಂದು ಮಾತಿಗೆ ಬಾಯಿ ಮುಚ್ಚಿಸಿಬಿಡ್ತಾಳೆ."

ಸ್ಕ್ರೂ ಬಿಚ್ಚಿದ. ಪೆಟ್ಟಿಗೆಯ ಹಿಂದಿನ ಹಲಗೆ ಕೈಗೆ ಬಂತು. ಹಿಂದೆ ಕೊಳವೆಗಳು ಕಾಣಬೇಕಿತ್ತು. ಕಂಡದ್ದು ಬಿಳಿ ಗೋಡೆ. ಗಟ್ಟಿ ಮಂಜು.

"ಮೂಗು ಕಟ್ಟಿದೆ," ಭಾವ ಹೇಳಿದ. "ಈ ಕೊಳವೆ ಮೇಲೆ ಮಂಜು ಕೂರೋದು ಸಹಜ. ಅದನ್ನ ಆಗಾಗ ಕರಗಿಸೋಕೆ ಅಂತಲೇ ಅಡಿಯಲ್ಲೊಂದು ಹೀಟರ್ ಇರುತ್ತೆ. ಕರಗಿದ ನೀರು ತೂತಿನಿಂದ ಹಿಂದಿನ ತಟ್ಟೆಗೆ ಇಳಿದು ಆರಿಹೋಗುತ್ತೆ. ಇಲ್ಲಿ ಕರಗೇ ಇಲ್ಲ. ಫ್ಯಾನ್ ಗಾಳಿಗೆ ದಾರಿ ಇಲ್ಲ. ಚಳಿ ಎಲ್ಲ ಮೇಲೇ ಕೂತಿದೆ, ಕೆಳಗಿನವರು ಕೊಳೀತಾ ಇದ್ದಾರೆ." ಕಚೇರಿಯ ಸುತ್ತ ಕಣ್ಣಾಡಿಸಿದ. "ಎಲ್ಲೋ ನೋಡಿದ ಹಾಗಿದೆ."

"ಹಾಗಾದ್ರೆ ನಾವು ಆಸ್ಪತ್ರೆಗೆ ಹೋದ ದಿನ ಯಾಕೆ ತಣ್ಣಗಿತ್ತು?"

"ಇಷ್ಟು ಮಂಜಿದ್ರೆ ಇರೋಕೆ ಸಾಧ್ಯವೇ ಇಲ್ಲ." ಭಾವ ಕತ್ತು ಕೆರೆದುಕೊಂಡ. "ಯಾರಾದ್ರೂ ಪ್ಲಗ್ ಕಿತ್ತು, ಮಂಜು ಕರಗಿಸಿ, ಮತ್ತೆ ಹಾಕಿದ್ರೆ ಸಾಧ್ಯ. ಆಗ ಕೆಲವು ದಿನ ಹೊಸ ಮದುಮಗನ ಹಾಗೆ ಓಡುತ್ತೆ. ಆಮೇಲೆ ಹಳೇ ಕಥೆ."

"ಕರಗಿದ ನೀರು?"

ಭಾವ ಬಿಸಿನೀರು ಸುರಿದು ಮಂಜಿಳಿಸಿದ. ಕೆಳಗಿನ ತೂತಿಗೆ ತಂತಿ ತೂರಿಸಿದ. ಮುದುರಿದ ಕಾಗದವೊಂದು ಹೊರಬಂತು. ಯಾವುದೋ ಔಷಧಿ ಶೀಷೆಯ ಚೀಟಿ. "ತೂತು ಕಟ್ಟಿದೆ. ನೀರೆಲ್ಲ ಒಳಗೆ ಇಳಿದು, ಬಾಗಿಲ ಸಂದಿಯಿಂದ ನೆಲಕ್ಕೆ."

ಬಕೀಟುಗಟ್ಟಲೆ ನೀರು. ಆಯಾ ಹೇಳಿದ್ದು ಈಗ ಎಸ್‌ಐಗೆ ಕೇಳಿಸಿತು. ಇಷ್ಟು ತಡವಾಗಿ.

ಭಾವ ಮೀಟರ್ ತೆಗೆದ. ಹೀಟರ್ ಜೀವಂತ. ಚಳಿ ಗುರುತಿಸುವ ಪುಟ್ಟ ಸ್ವಿಚ್ಚೂ ಜೀವಂತ. ಹೊತ್ತು ಹೊತ್ತಿಗೆ ಕರೆಂಟು ಕೊಡುವ ಟೈಮರ್ ಕೂಡ ತಿರುಗುತ್ತಿತ್ತು. ಮೂರೂ ಸರಿ. ಆದರೂ ಹೀಟರಿಗೆ ಕರೆಂಟು ಬರುತ್ತಿರಲಿಲ್ಲ. ವೈರನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದ. ಬೆರಳು ನಿಂತಿತು.

ಸಂಪರ್ಕ ಬಿಚ್ಚಿತ್ತು. ಎರಡೂ ತುದಿಗೆ ಕಪ್ಪು ಟೇಪು. ಅಚ್ಚುಕಟ್ಟಾಗಿ ಸುತ್ತಿದ್ದು.

"ಇದು ಕೆಟ್ಟಿದ್ದಲ್ಲಮ್ಮ," ಭಾವ ಹೇಳಿದ. "ಕೆಡಿಸಿದ್ದು."

*

"ನಾನೇ ಬಿಚ್ಚಿದ್ದು," ಆಸ್ಪತ್ರೆಯ ಗುತ್ತಿಗೆ ಎಲೆಕ್ಟ್ರಿಷಿಯನ್ ಒಪ್ಪಿಕೊಂಡ. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

"ಯಾಕೆ?"

"ಸಾಹೇಬ್ರು ನೀರು ನಿಲ್ಸು ಅಂದ್ರು. ನಿಲ್ಸಿದೆ."

ಬಿಡಿಸಿ ಹೇಳಿದ. ಫ್ರಿಜ್ಜಿನ ತಳದಲ್ಲಿ ನೀರು ಸೇರುತ್ತಿದೆ ಎಂದು ಆಯಾ ತಿಂಗಳುಗಟ್ಟಲೆ ಹೇಳಿದ್ದಳಂತೆ. ಆಡಳಿತಾಧಿಕಾರಿಯ ಬಾಗಿಲಲ್ಲಿ ನಿಂತು, "ನೀರು ನಿಂತಿದೆ ಸಾರ್." ಅವನು ತಲೆ ಎತ್ತದೆ, "ನಿಂತಿದ್ರೆ ಒಳ್ಳೇದಾಯ್ತಲ್ಲ, ಹೋಗು." ಮಾರನೇ ದಿನ ಮತ್ತೆ ಅದೇ ಮಾತು, ಅದೇ ಉತ್ತರ. ಕಡೆಗೆ ತಪಾಸಣೆಗೆ ಬಂದ ದೊಡ್ಡವರೊಬ್ಬರ ಬೂಟು ಒದ್ದೆಯಾಯಿತು. ಆಗ ಅವನಿಗೆ ನೀರು ಕಂಡಿತು.

"ತೂತು ಕಟ್ಟಿದೆ ಸಾರ್, ಫ್ರಿಜ್ ಖಾಲಿ ಮಾಡಿ ಒಂದು ದಿನ ನಿಲ್ಲಿಸ್ಬೇಕು ಅಂದೆ. ಅದೆಲ್ಲ ಆಗಲ್ಲ, ಈಗಲೇ ಒಂದು ತೊಟ್ಟೂ ಕಾಣಬಾರದು ಅಂದ್ರು. ಕರಗೋದನ್ನೇ ನಿಲ್ಸಿದೆ. ಕರಗದಿದ್ರೆ ನೀರೆಲ್ಲಿಂದ ಬರುತ್ತೆ? ಹೀಗೇ ಬಿಟ್ರೆ ಒಳಗೆಲ್ಲ ಐಸ್ ಕಟ್ಟಿ ಔಷಧಿ ಕೆಡುತ್ತೆ, ವಾರದೊಳಗೆ ಸರಿ ಮಾಡಿಸಿ ಅಂತಾನೂ ಹೇಳಿದೆ."

"ಅದನ್ನ ಕೇಳಿದವರು ಯಾರಾದ್ರೂ ಇದ್ರಾ?"

"ಗೋಡೆ ಇತ್ತು."

"ಆಮೇಲೆ ನೀನೇ ಪ್ಲಗ್ ಕಿತ್ತು ಮಂಜು ಕರಗಿಸಿದ್ಯಾ?"

"ನಾನು ಆ ಕಡೆ ಹೋಗೇ ಇಲ್ಲ ಮೇಡಂ. ಮಾರನೇ ದಿನದಿಂದಲೇ ಬರಬೇಡ ಅಂದ್ರು."

ಒಳಗೆ ಮಂಜಿದೆ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬನಿಗೆ ಆಸ್ಪತ್ರೆಯ ಗೇಟೇ ಮುಚ್ಚಿತ್ತು.

*

ಆಡಳಿತಾಧಿಕಾರಿಯ ಕೋಣೆ ತಣ್ಣಗಿತ್ತು. ಅಲ್ಲಿ ಎಲ್ಲ ಯಂತ್ರಗಳೂ ಸರಿಯಾಗಿದ್ದವು. ದೊಡ್ಡ ಸಾಹೇಬರೂ ಬಂದು ಕೂತಿದ್ದರು, ಅವನ ಪಕ್ಕದ ಕುರ್ಚಿಯಲ್ಲಿ.

"ಯಾರೋ ಕೂಲಿಯವನು ವೈರ್ ಕಿತ್ರೆ ನಾನೇನು ಮಾಡ್ಲಿ?" ಆಡಳಿತಾಧಿಕಾರಿ ಕೈ ಚೆಲ್ಲಿದ. "ನೀರು ಬರ್ತಾ ಇತ್ತು, ನಿಲ್ಸು ಅಂದೆ. ಅಷ್ಟೇ."

"ಒಂದೇ ಮಾತು ಕೇಳಬೇಕಿತ್ತು ಸಾರ್," ಎಸ್‌ಐ ಹೇಳಿದಳು. "ನಾವು ಬಂದ ದಿನ ಬೆಳಿಗ್ಗೆ, ಆ ಫ್ರಿಜ್ಜಿನ ನೀರು ನಿಂತಿತ್ತಾ?"

"ನಿಂತಿದ್ದೇನು, ಬಾಗಿಲವರೆಗೂ ಹರಿದಿತ್ತು. ಅವಳ ಬೇಜವಾಬ್ದಾರಿಗೆ ಇನ್ನೇನು ಸಾಕ್ಷಿ ಬೇಕು?"

ಎಸಿ ಗುಂಯ್‌ಗುಡುತ್ತಿತ್ತು.

"ನಾನು ಕೇಳಿದ್ದು ನೀರು ಬರೋದು ನಿಂತಿತ್ತಾ ಅಂತ. ನೀವೇ ಹೇಳಿ ನಿಲ್ಲಿಸಿದ್ರಲ್ಲ, ಹೌದು ನಿಂತಿತ್ತು ಅನ್ನಬೇಕಿತ್ತು. ನಿಮ್ಮ ಕಣ್ಣಿಗೆ ಕಟ್ಟಿದ್ದು ಬೇರೆ ನೀರು. ಅದನ್ನ ಆಯಾ ಯಾರೂ ಬರೋಕೆ ಮುಂಚೆ ಒರೆಸಿದ್ದಳು. ನೀವು ನಮ್ಮ ಜೊತೆಗೇ ಕೋಣೆಗೆ ಕಾಲಿಟ್ಟೆ ಅಂದ್ರಿ. ಒಣಗಿದ ನೆಲದ ಮೇಲೆ ಬಾಗಿಲವರೆಗೆ ಹರಿದ ನೀರನ್ನ ಯಾವಾಗ ನೋಡಿದ್ರಿ?"

ಅವನು ನೀರಿನ ಲೋಟಕ್ಕೆ ಕೈ ಚಾಚಿದ. ಎತ್ತಲಿಲ್ಲ.

"ಶೀಷೆ ಪರೀಕ್ಷೆಯ ಉತ್ತರ ಬಂತು ಅಂತ ತಿಳಿದ ಸಂಜೆ ನೀವೇ ಪ್ಲಗ್ ಕಿತ್ತು, ಬಾಗಿಲು ತೆಗೆದಿಟ್ರಿ. ಮಂಜು ಕರಗಿತು. ತೂತು ಕಟ್ಟಿತ್ತು, ನೀರು ನೆಲಕ್ಕೆ ಬಂತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲು ಮುಚ್ಚಿ, ಪ್ಲಗ್ ಹಾಕಿ ಹೋದ್ರಿ. ಫ್ರಿಜ್ ಆರೋಗ್ಯವಾಗಿ ಕಾಣಿಸ್ತು. ಅಂದ್ಮೇಲೆ ತಪ್ಪು ಒರೆಸೋಳದ್ದು. ನೀರು ಒರೆಸೋದೊಂದನ್ನ ಮಾತ್ರ ಮರೆತ್ರಿ. ಮರೆತದ್ದಲ್ಲ, ಅದು ನಿಮ್ಮ ಕೆಲಸ ಅಂತ ಜನ್ಮದಲ್ಲಿ ಅನ್ನಿಸಿರಲಿಲ್ಲ." ಅವಳ ದನಿ ಏರಲಿಲ್ಲ. "ಔಷಧಿ ಕೆಟ್ಟಿದೆ ಅಂತ ಗೊತ್ತಿದ್ದೂ ಹಂಚೋಕೆ ಬಿಟ್ರಿ. ಹೊಲಿಗೆಯವಳು ಅದನ್ನ ನಂಬಿ ಚುಚ್ಚಿಕೊಂಡಳು."

"ಸಾಹೇಬ್ರೇ," ಆಡಳಿತಾಧಿಕಾರಿ ಪಕ್ಕಕ್ಕೆ ತಿರುಗಿದ. ಎಸ್‌ಐ ಕಡೆ ಅಲ್ಲ.

ದೊಡ್ಡ ಸಾಹೇಬರು ಗಡಿಯಾರ ನೋಡಿದರು. "ನೀನು ಹೇಳೋದೆಲ್ಲ ಸರಿಯಮ್ಮ," ಅಂದರು. "ಆದ್ರೆ ಕೈಗೆ ಸಿಗೋದೇನು? ಬಾಯ್ತಪ್ಪಿ ಬಂದ ಒಂದು ಮಾತು. ನೀರಿನ ಸಾಕ್ಷಿ ನೀರಾಗಿ ಹೋಗಿದೆ. ವೈರ್ ಕಿತ್ತವನ ಕೈ ಮಾತ್ರ ಕಾಣ್ತಾ ಇದೆ."

*

ಎಲೆಕ್ಟ್ರಿಷಿಯನ್ ಒಳಗೆ ಹೋದ. ಅದೇ ದಿನ ಆಯಾ ಹೊರಗೆ ಬಂದಳು. ಖಾಲಿಯಾದ ಜಾಗಕ್ಕೆ ಒಬ್ಬರು ಬೇಕಲ್ಲ. ಆಡಳಿತಾಧಿಕಾರಿಗೆ ವರ್ಗವಾಯಿತು, ಇದಕ್ಕಿಂತ ದೊಡ್ಡ ಆಸ್ಪತ್ರೆಗೆ. ಎಸ್‌ಐ ಮೇಲಿನವರಿಗೆ ಬರೆದಳು. ಅವರಿಗೂ ಮೇಲಿನವರಿಗೆ ಬರೆದಳು. ಮೇಲೆಲ್ಲ ಗಟ್ಟಿ ಮಂಜು. ಗಾಳಿ ಕೆಳಗಿಳಿಯಲೇ ಇಲ್ಲ.

ಭಾವ ವೈರ್ ಜೋಡಿಸಿ ಕೊಟ್ಟಿದ್ದ. ದಾಖಲೆ ಕೋಣೆಯಲ್ಲಿ ಆಗಾಗ ಹೀಟರ್ ಹತ್ತಿ, ಮಂಜು ಕರಗಿ, ಹಿಂದಿನ ತಟ್ಟೆಗೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಪೇದೆಯ ಹಾಲು ಈಗ ಒಡೆಯುತ್ತಿರಲಿಲ್ಲ. ಎಸ್‌ಐ ಟೀ ಬಿಟ್ಟಿದ್ದಳು.

ಆಯಾ ಠಾಣೆಗೆ ಬಂದಳು. ಆಸ್ಪತ್ರೆಯವರು ಕೆಲಸಕ್ಕೆ ವಾಪಸ್ ತೆಗೆದುಕೊಂಡಿರಲಿಲ್ಲ. ಜೈಲಿಗೆ ಹೋಗಿ ಬಂದವಳಂತೆ. ಹೊಲಿಗೆಯವಳ ಗಂಡ ಅವಳ ಹಿಂದೆಯೇ ನಿಂತಿದ್ದ. ಇಬ್ಬರಿಗೂ ಎಸ್‌ಐ ಕುರ್ಚಿ ತೋರಿಸಿದಳು. ಇಬ್ಬರೂ ಕೂರಲಿಲ್ಲ.

"ನೀರಿನ ಮಾತು ಅವತ್ತೇ ಹೇಳಿದ್ದೆ ತಾಯಿ," ಆಯಾ ಹೇಳಿದಳು. ದೂರಲಿಲ್ಲ, ನೆನಪಿಸಿದಳು ಅಷ್ಟೇ.

"ಹೇಳಿದ್ರಿ."

"ಆಸ್ಪತ್ರೆ ಸಾಹೇಬ್ರ ಮೇಲಿನ ಕೇಸು ಏನಾಯ್ತು?"

ಎಸ್‌ಐ ಬಾಯಿಂದ ಠಾಣೆಯ ಮಾತೇ ಬಂತು. "ನಿಂತಿದೆ."

ಆಯಾ ಅವಳ ಮುಖವನ್ನೇ ನೋಡಿದಳು. ಒಳಗಿನ ಕೋಣೆಯಲ್ಲಿ ತೊಟ್ಟು ಬಿತ್ತು, ಇನ್ನೊಂದು ತೊಟ್ಟು ಬಿತ್ತು.

"ನಿಂತಿದೆ ಅಂದ್ರೆ," ಅವಳು ನಿಧಾನವಾಗಿ ಕೇಳಿದಳು, "ಇನ್ನೂ ಇದ್ಯಾ, ಇಲ್ಲಾ ನಿಂತೇ ಹೋಯ್ತಾ?"