ಶಂಖಬೈಲಿನ ಹಿತ್ತಾಳೆ ಫಲಕ

ಫಲಕ ಇರಲಿಲ್ಲ.

ಸಂಪದಾ ಕ್ಯಾಮೆರಾ ಇಳಿಸಿ ಮತ್ತೊಮ್ಮೆ ನೋಡಿದಳು. ಕಲ್ಲಿನ ಕಂಬ ಇತ್ತು. ಅದರ ಎದೆಯ ಮೇಲೆ ಒಂದೂವರೆ ಅಡಿ ಜಾಗ ಮಾತ್ರ ಬಿಸಿಲು ಕಾಣದೆ ಬೇರೆಯೇ ಬಣ್ಣಕ್ಕಿತ್ತು. ನಾಲ್ಕು ಮೂಲೆಗೆ ನಾಲ್ಕು ತೂತು.

ಅಂಕೋಲೆಯಿಂದ ಆಚೆ, ಸಮುದ್ರದಂಚಿನ ಸಣ್ಣ ಊರು ಶಂಖಬೈಲು. ಎಪ್ಪತ್ತೊಂದರ ಯುದ್ಧದ ಹೊತ್ತಿನಲ್ಲಿ ಕಾವಲಿಗೆ ಹೊರಟ ದೋಣಿಯೊಂದು ಅಲ್ಲೇ ಮುಳುಗಿ, ಅದರಲ್ಲಿದ್ದವರೆಲ್ಲ ತೀರಿಕೊಂಡಿದ್ದರು. ಅವರ ನೆನಪಿಗೆ ಊರವರು ಈ ಸ್ಮಾರಕ ಕಟ್ಟಿಸಿದ್ದರು. ಪಕ್ಕದಲ್ಲಿ ಹಳೆಯ ಕಾವಲು ಗೋಪುರ, ಒಂದು ಕೋಣೆಯ ವಸ್ತುಸಂಗ್ರಹಾಲಯ. ಸಂಪದಾ ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಪ್ರವಾಸದ ಪುಟ ನೋಡಿಕೊಳ್ಳುತ್ತಿದ್ದಳು. ಕಳೆದ ವರ್ಷ ಅವಳು ಬರೆದ ಮೇಲೆ ಇಲ್ಲಿಗೆ ಜನ ಗಾಡಿ ಮಾಡಿಕೊಂಡು ಬರತೊಡಗಿದ್ದರು. ಬರುವ ಭಾನುವಾರ ಸ್ಮರಣೆಯ ದಿನ. ಅದಕ್ಕೇ ಗುರುವಾರ ಮಧ್ಯಾಹ್ನ ಮತ್ತೆ ಬಂದಿದ್ದಳು.

ಕಾವಲುಗಾರ ಮುತ್ತು ಓಡಿ ಬಂದ. ಖಾಲಿ ಕಂಬದ ಮೇಲೆ ಕೈಯಾಡಿಸಿದ.

"ಊಟಕ್ಕೆ ಹೋಗುವಾಗ ಇತ್ತು ಮೇಡಂ. ಒಂದು ಗಂಟೆಗೆ ಬೀಗ ಹಾಕಿದ್ದೆ. ಈಗಷ್ಟೇ ತೆಗೆದೆ."

ಅರ್ಧ ಗಂಟೆಯಲ್ಲಿ ಹವಾಲ್ದಾರರು ಬಂದರು. ಗೇಟು ನೋಡಿದರು. ಮುತ್ತುವನ್ನು ನೋಡಿದರು.

"ಬೀಗ ಒಡೆದಿಲ್ಲ. ಕೀಲಿ ನಿನ್ನ ಹತ್ರ. ನಡಿ ಠಾಣೆಗೆ."

"ಇಪ್ಪತ್ತೆರಡು ವರ್ಷದಿಂದ ದಿನಾ ಒರೆಸಿದ ಫಲಕ ಸಾರ್ ಅದು. ನಾನು ಯಾಕೆ ಕದೀಲಿ?" ಮುತ್ತು ಅಂಗಲಾಚಿದ.

ಜೀಪು ಹೊರಟಿತು. ಸಂಪದಾ ಕಂಬವನ್ನು ಒಂದು ಸುತ್ತು ಹಾಕಿದಳು. ಹಿಂದಿನ ಕಾಂಪೌಂಡ್ ಗೋಡೆ ಒಂದು ಕಡೆ ಬಿದ್ದಿತ್ತು. ಒಳಗೆ ಬರಲು ಯಾರೂ ಬೀಗ ತೆಗೆಯಬೇಕಿರಲಿಲ್ಲ. ಕಂಬದ ಬುಡದ ದೀಪದ ಗೂಡಿನಲ್ಲಿ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದಳು. ನಾಲ್ಕು ಸ್ಕ್ರೂಗಳು. ಒಂದೊಂದಕ್ಕೂ ಎಣ್ಣೆ ಸವರಿತ್ತು. ಎರಡು ಮಾರು ದೂರದಲ್ಲಿ ಆ ಮುಳುಗಿದ ದೋಣಿಯ ಹಿತ್ತಾಳೆ ದೀಪ, ಎತ್ತಿದರೆ ಕೈಗೆ ಬರುವಂಥದ್ದು, ಹಾಗೇ ಕೂತಿತ್ತು.

ಫೋನ್ ಮಾಡಿ ಹೇಳಿದಳು. ಹವಾಲ್ದಾರರು ಕಿವಿಗೆ ಹಾಕಿಕೊಳ್ಳಲಿಲ್ಲ. "ಹಿತ್ತಾಳೆ ಎಲ್ಲಾ ನಿಮ್ಮ ಹುಬ್ಬಳ್ಳಿ ಗುಜರಿಗೇ ಹೋಗೋದು. ಅಲ್ಲೇ ಹುಡುಕಿ."

*

ಶುಕ್ರವಾರ ಬೆಳಿಗ್ಗೆ ಸಂಪದಾ ಗೋಕುಲ ರಸ್ತೆಯಲ್ಲಿದ್ದಳು. ಗುಜರಿ ವ್ಯಾಪಾರಿ ಮುಷರಫ ಅವಳ ಮೊಬೈಲಿನಲ್ಲಿದ್ದ ಕಳೆದ ವರ್ಷದ ಫೋಟೋ ನೋಡಿ ತಲೆಯಾಡಿಸಿದ.

"ಹೆಸರು ಕೊರದ ಹಿತ್ತಾಳಿ ಯಾರೂ ಮುಟ್ಟೂದಿಲ್ರಿ ಅಕ್ಕಾರ. ಮುಟ್ಟಿದ್ರ ಮರುದಿನಾ ಪೊಲೀಸ್ರು ಬಾಗಲಾಗ ನಿಂತಿರ್ತಾರ."

"ಕರಗಿಸಿ ಮಾರಿದ್ರ?"

"ಮೂರು ಕೇಜಿ ಸೈತ ಆಗೂದಿಲ್ಲ ಇದು. ಇಷ್ಟರ ಸಲುವಾಗಿ ಸಮುದ್ರದ ತನಕ ಯಾಂವ ಹೋಗ್ತಾನ?" ಮುಷರಫ ಫೋಟೋವನ್ನು ದೊಡ್ಡದು ಮಾಡಿದ. ತಟ್ಟನೆ ನಕ್ಕ. "ಇದು ಮಶೀನಿನ ಕೆಲಸ ಅಲ್ರಿ. ಉಳಿ ಹಿಡದು ಕೈಲೆ ಕೊರದದ್ದು. ತಲಿಕಟ್ಟಿನ ತುದಿಗೆ ಸಣ್ಣ ಸುರುಳಿ ಐತಿ ನೋಡ್ರಿ. ನಮ್ಮ ಅಂಗಡಿ ಬೋರ್ಡಿಗೂ ಹಂಗ ಐತಿ. ಹಳೇ ಹುಬ್ಬಳ್ಳಿ ಗುಲಾಬಸಾಬ ಚಾಚಾನ ಕೈ."

ಸಂಪದಾ ಹೊರಗೆ ಬಂದು ಸ್ಕೂಟರಿನ ಮೇಲೆ ಕೂತಳು. ಚಾವಿ ತಿರುಗಿಸಲಿಲ್ಲ. ಫೋಟೋವನ್ನೇ ನೋಡುತ್ತಿದ್ದಳು. ಕಂಬದ ನೆತ್ತಿಯ ಮೇಲೆ ಕಲ್ಲಿನಲ್ಲೇ ಕೊರೆದಿತ್ತು: 'ಹತ್ತು ಮಂದಿಯ ನೆನಪಿಗೆ.' ಕೆಳಗೆ ಫಲಕ. ಬೆರಳಿಟ್ಟು ಹೆಸರು ಎಣಿಸಿದಳು. ಮತ್ತೆ ಎಣಿಸಿದಳು.

ಒಂಬತ್ತು.

ಅವಳ ಲೇಖನದಲ್ಲೂ 'ಹತ್ತು ಮಂದಿ' ಎಂದೇ ಇತ್ತು. ಬರೆದವಳು ಅವಳೇ. ಫೋಟೋ ತೆಗೆದವಳೂ ಅವಳೇ. ಎಣಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

*

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಸ್ಕೂಟರ್ ಹೋಗುವುದಿಲ್ಲ. ಗುಲಾಬಸಾಬನ ಅಂಗಡಿ ಒಂದು ಬಾಗಿಲಿನಷ್ಟೇ ಅಗಲ. ಎಪ್ಪತ್ತಾರು ವರ್ಷದ ಮುದುಕ ದಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದ. ಬಸಿಯಲ್ಲಿದ್ದ ಚಹಾ ಅವನ ಕೈಯಲ್ಲಿ ತುಳುಕುತ್ತಿತ್ತು.

"ಚಾಚಾ, ಶಂಖಬೈಲಿನ ಫಲಕ ಎಲ್ಲೈತ್ರಿ?"

ಮುದುಕ ಬೆಚ್ಚಲಿಲ್ಲ. ಬಸಿ ಕೆಳಗಿಟ್ಟ. "ಯಾರು ಹೇಳಿದ್ರವ್ವಾ?"

"ಯಾರೂ ಹೇಳಿಲ್ರಿ. ಕಳ್ಳ ಆದಾಂವ ಸ್ಕ್ರೂಗೆ ಎಣ್ಣಿ ಹಚ್ಚಿ ಬಟ್ಟ್ಯಾಗ ಕಟ್ಟಿ ಇಡೂದಿಲ್ಲ. ಉಪ್ಪಿನ ಗಾಳಿಗೆ ಜಂಗ ಹಿಡೀಬಾರದು ಅಂತ ಇಟ್ಟಾಂವ ಮತ್ತ ಹೊಳ್ಳಿ ಬರಾಂವ. ಬಾಜೂಕ ಹಿತ್ತಾಳಿ ದೀಪ ಇತ್ತು, ಮುಟ್ಟಿಲ್ಲ. ಅಂದ್ರ ಆತಗ ಹಿತ್ತಾಳಿ ಬೇಕಾಗಿರಲಿಲ್ಲ. ಕಲ್ಲಿನ ಮ್ಯಾಲೆ ಹತ್ತು ಮಂದಿ, ಫಲಕದಾಗ ಒಂಬತ್ತ ಹೆಸರು. ತಪ್ಪು ತಿದ್ದಾಕ ಒಯ್ದಾಂವ ಅದನ್ನ ಬರದಾಂವನ ಇರಬೇಕಲ್ರಿ?"

ಗುಲಾಬಸಾಬ ಹಿಂದೆ ತಿರುಗಿ ಗೋಣಿಚೀಲ ಸರಿಸಿದ. ಫಲಕ ಹೊಳೆಯಿತು. ಒಂಬತ್ತು ಹೆಸರಿನ ಕೆಳಗೆ ಹೊಸದಾಗಿ ಗೀಟು ಎಳೆದಿತ್ತು. ಪಕ್ಕದಲ್ಲಿ ಹಳದಿಗಟ್ಟಿದ ಹಾಳೆಯೊಂದು.

"ಸ್ಮಾರಕದ ಕಮಿಟಿಯವರು ಕೊಟ್ಟ ಹಾಳಿ ಇದು. ಅವತ್ತ ನಾ ಹೊಳ್ಳಿಸಿ ನೋಡಲಿಲ್ಲ. ಹಿಂದಿನ ಬದಿ ಒಂದ ಹೆಸರಿತ್ತು. ದೋಣ್ಯಾಗ ಅಡಗಿ ಮಾಡಾಂವ. ಸಿದ್ದಪ್ಪ."

"ಈಗ ಹೆಂಗ ಗೊತ್ತಾತ್ರಿ?"

"ಆತನ ಹೆಂಡ್ತಿ ಕಾಳವ್ವ ಹಿಂದಿನ ಓಣ್ಯಾಗ ಇರ್ತಾಳ. ಹೋದ ತಿಂಗಳು ಈ ಫಲಕದ ಫೋಟೋ ತಂದ್ಳು. 'ಗುಲಾಬಣ್ಣಾ, ಇದರಾಗ ನಮ್ಮನಿಯವರ ಹೆಸರು ಹೆಂಗೈತಿ, ಹಂಗ ನಮ್ಮ ಬಾಗಲಿಗೊಂದು ಬರದುಕೊಡು' ಅಂದ್ಳು. ಆಕಿಗೆ ಓದಾಕ ಬರೂದಿಲ್ಲ. ಮೊದಲನೇ ವರ್ಷ ಯಾರೋ ಐದನೇ ಸಾಲು ತೋರಿಸಿದ್ರಂತ. ಅಂದಿನಿಂದ ವರ್ಷಾ ಹೋಗಿ ಅದಕ್ಕ ಹೂ ಮುಟ್ಟಿಸಿ ಬರ್ತಾಳ. ನಾ ಹುಡುಕೇ ಹುಡುಕಿದೆ. ಹೆಸರ ಇಲ್ಲ."

"ಕಮಿಟಿಗೆ ಹೇಳಬೇಕಾಗಿತ್ತು ಚಾಚಾ."

"ಹೇಳಿದ್ರ ನಾಕು ಬಾಯಿ ದಾಟಿ ಆಕಿ ಕಿವಿಗೆ ಬೀಳ್ತಿತ್ತು. ಇಷ್ಟು ವರ್ಷ ಗಂಡನ ಹೆಸರಿಲ್ಲದ ತಗಡಿಗೆ ಕೈ ಮುಗದ್ನಿ ಅಂತ ಆಕಿಗೆ ಗೊತ್ತಾಗಬಾರದಿತ್ತವ್ವಾ. ಭಾನುವಾರದೊಳಗ ಕೊರದು, ಹೊಳ್ಳಿ ಹಚ್ಚಿ ಬಂದ್ರ ಮುಗೀತು ಅಂತ ತಿಳಕೊಂಡೆ. ಕೈ ಮಾತು ಕೇಳವಲ್ವು."

ಸಂಪದಾಳಿಗೆ ಮುಂದಿನದನ್ನು ಹೇಳಲು ಮನಸ್ಸಾಗಲಿಲ್ಲ. ಆದರೂ ಹೇಳಿದಳು. "ಕಾವಲುಗಾರ ಮುತ್ತುನ್ನ ನಿನ್ನೆಯಿಂದ ಠಾಣ್ಯಾಗ ಕೂಡಿಸ್ಯಾರ್ರಿ."

ಮುದುಕ ಎದ್ದು ನಿಂತು ಚಪ್ಪಲಿ ಹುಡುಕಿದ. "ಪೊಲೀಸ್ರಿಗೆ ಫೋನ್ ಹಚ್ಚವ್ವಾ. ಕದ್ದಾಂವ ನಾನ ಅಂತ ಹೇಳ್ತೇನಿ."

"ಕಾಳವ್ವಗ ಗೊತ್ತಾಗ್ತೈತ್ರಿ."

"ಗೊತ್ತಾಗಲಿ. ನನ್ನ ತಪ್ಪಿಗೆ ಇನ್ನೊಬ್ಬರ ಮನ್ಯಾಗ ಅಳೂದು ಬ್ಯಾಡ." ಚಪ್ಪಲಿ ಮೆಟ್ಟುತ್ತ ಅಂದ, "ಆದ್ರ ಆಕಿಗೆ ನಾನ ಹೇಳ್ತೇನಿ. ಬ್ಯಾರೆ ಯಾರೂ ಹೇಳಬಾರದು."

*

ಮುತ್ತುವನ್ನು ಮಧ್ಯಾಹ್ನವೇ ಬಿಟ್ಟರು. ಕಮಿಟಿಯವರು ಹಳೆಯ ಹಾಳೆಯ ಫೋಟೋ ನೋಡಿ ದೂರು ಹಿಂದಕ್ಕೆ ಪಡೆದರು. ಅವರೂ ಎಣಿಸಿರಲಿಲ್ಲ.

ಸಂಜೆ ಕಾಳವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿದಳು. ಗುಲಾಬಸಾಬ ತಲೆ ಎತ್ತದೆ ಹೇಳಿದ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೈ ಚಾಚಿ ಫಲಕ ಸವರಿದಳು. ಬೆರಳು ಐದನೆಯ ಸಾಲಿನಲ್ಲಿ ನಿಂತಿತು. ಅಲ್ಲಿಂದ ಇಳಿದು ಕೆಳಗಿನ ಖಾಲಿ ಜಾಗಕ್ಕೆ ಬಂತು.

"ಇಲ್ಲೇನು?"

"ಹೂಂ. ಗೀಟು ಹಾಕೇನಿ ತಂಗಿ. ಉಳಿ ಹಿಡದ್ರ ಕೈ ನಡಗತಾವು. ಬ್ಯಾರೆ ಯಾರ ಕಡೀಂದರ ಬರಸೋಣು."

"ಯಾಕ? ನೀನ ಬರಿ." ಕಾಳವ್ವ ಒಳಗೆ ಬಂದು ಎದುರು ಕುಳಿತಳು. ಎರಡೂ ಕೈಯಿಂದ ಅವನ ಎಡಗೈಯ ಮುಂಗೈ ಬಿಗಿಯಾಗಿ ಹಿಡಿದಳು. "ಅಲಗಾಡದಂಗ ನಾ ಹಿಡೀತೇನಿ."

ಸುತ್ತಿಗೆ ಟಕ್ ಎಂದಿತು. ಹಿತ್ತಾಳೆಯ ಸಣ್ಣ ಎಳೆಯೊಂದು ಸುರುಳಿಯಾಗಿ ಮೇಲೆದ್ದಿತು. ಒಂದು ಹೆಸರು ಮುಗಿಯಲು ಎರಡು ತಾಸು ಹಿಡಿಯಿತು. ಸಂಪದಾ ಒಂದೂ ಫೋಟೋ ತೆಗೆಯಲಿಲ್ಲ.

*

ಭಾನುವಾರ ಬೆಳಿಗ್ಗೆ ಗುಲಾಬಸಾಬನೇ ಫಲಕ ಹಿಡಿದು ನಿಂತ. ಸ್ಕ್ರೂ ತಿರುಗಿಸಿದವನು ಮುತ್ತು. ಮುದುಕ ಅವನ ಕೈ ಹಿಡಿದುಕೊಂಡು ಏನೋ ಹೇಳಲು ಹೋದ. ಮುತ್ತು ಹೇಳಗೊಡಲಿಲ್ಲ. "ಬಿಡಿ ಸಾಹೇಬ್ರೆ. ಚಾ ಕುಡಿಯುವ ಬನ್ನಿ."

ಕಾಳವ್ವ ಮಲ್ಲಿಗೆ ಮಾಲೆ ತಂದಿದ್ದಳು. ಸಿದ್ದಪ್ಪನ ಹೆಸರಿನ ಮುಂದೆ ನಿಂತು, ಏನೋ ನೆನೆದವಳಂತೆ ತಡೆದಳು.

"ಸಂಪದವ್ವಾ, ಐದನೇ ಸಾಲಿನ್ಯಾಗ ಯಾರ ಹೆಸರೈತಿ?"

"ಪರಮೇಶ ಅಂತರಿ."

"ಅವರ ಮನಿ ಮಂದಿ ಬಂದಾರೇನು? ತಪ್ಪಾತು ಅಂತ ಹೇಳಿ ಹೋಗ್ತೇನಿ."

ಸಂಪದಾ ಮುತ್ತುವಿನ ಕಡೆ ನೋಡಿದಳು.

"ಅವರಿಗೆ ಯಾರೂ ಇಲ್ಲ ಅಜ್ಜಿ. ಅನಾಥಾಶ್ರಮದಲ್ಲಿ ಬೆಳೆದವರಂತೆ. ಇಷ್ಟು ವರ್ಷದಲ್ಲಿ ಅವರನ್ನು ಕೇಳಿಕೊಂಡು ಒಬ್ಬರೂ ಬಂದದ್ದು ನಾ ನೋಡಲಿಲ್ಲ."

ಕಾಳವ್ವ ಸಮುದ್ರದ ಕಡೆ ನೋಡಿದಳು. ಮುಖ ಮೆಲ್ಲಗೆ ಹಗುರಾಯಿತು.

"ಹಂಗಾದ್ರ ಛಲೋ ಆತು ಬಿಡವ್ವಾ. ನಾ ತಂದ ಹೂ ಆ ತಮ್ಮಗರ ಮುಟ್ಯಾವು."

ಅವಳು ಮಾಲೆಯನ್ನು ನಡುವಿಗೆ ಹರಿದು ಎರಡು ಮಾಡಿದಳು. ಮೊದಲ ತುಂಡನ್ನು ಐದನೆಯ ಸಾಲಿಗೇ ಮುಟ್ಟಿಸಿದಳು.