ಮೆಟ್ಟಿಲ ಮೇಲೊಂದು ಕೆಮ್ಮು

ಅಂಗಿಯ ತೋಳು ಬಿಚ್ಚಿಯಾಗಿತ್ತು. ಕಾಲರ್ ಕತ್ತರಿಸಿ ಪಕ್ಕಕ್ಕಿಟ್ಟಿದ್ದಳು. ಇನ್ನು ಜೇಬೊಂದನ್ನು ಬಿಚ್ಚಿದರೆ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಬಹುದಿತ್ತು.

"ಸೂಜಿ, ಬೇಗ ಬೇಗ! ನನಗೆ ನೆರಳು ಸಾಲ್ತಾ ಇಲ್ಲ," ದೊಡ್ಡಮ್ಮ ನೆಲದ ಮೇಲೆ ಕೂತಲ್ಲಿಂದಲೇ ಕೂಗಿದರು. "ಕೆಂಪೂ ಮುಗೀತು ನೋಡು. ಕೊನೇ ಮನೆಗೆ ಒಲೆಯೇ ಇಲ್ಲ!"

ನೆರಳು ಅಂದರೆ ಗಾಢ ಬಣ್ಣದ ಪಟ್ಟಿ. ಬೆಳಕು ಅಂದರೆ ತಿಳಿ ಬಣ್ಣದ್ದು. ನಡುವಿನ ಕೆಂಪು ಚೌಕಕ್ಕೆ ಅವರೆಲ್ಲ ಒಲೆ ಅನ್ನುತ್ತಿದ್ದರು. ಮರದ ದಿಮ್ಮಿ ಜೋಡಿಸಿ ಗೋಡೆ ಕಟ್ಟುವ ಹಾಗೆ ಒಲೆಯ ಸುತ್ತ ಪಟ್ಟಿಗೆ ಪಟ್ಟಿ ಹೊಲಿಯುತ್ತ ಹೋದರೆ ಎರಡು ಬದಿ ಬೆಳಕು, ಎರಡು ಬದಿ ನೆರಳು ಇರುವ ಒಂದು 'ಮನೆ'. ಅಂಥ ಮನೆಗಳು ಕೂಡಿದರೆ ಒಂದು ಕೌದಿ. ಕೌದಿಗಳು ಹೋಗುವುದು ಆಸರೆ ಮನೆಗೆ... ಉಟ್ಟ ಬಟ್ಟೆಯಲ್ಲೇ ಗಂಡನ ಮನೆ ಬಿಟ್ಟು ಓಡಿಬಂದ ಹೆಂಗಸರಿಗೆ.

ಅವಳೂ ಹಾಗೆ ಬಂದವಳೇ. ಆವತ್ತು ಅವಳ ಹೆಗಲಿಗೆ ಇಂಥದ್ದೇ ಕೌದಿ ಹೊದಿಸಿದ್ದು ಈ ದೊಡ್ಡಮ್ಮ. ಒಂದು ಮಾತೂ ಕೇಳದೆ ಕೈಗೆ ಸೂಜಿ ಕೊಟ್ಟು, ಆಮೇಲೆ ಅವಳನ್ನೇ ಸೂಜಿ ಅಂತ ಕರೆದದ್ದೂ ಅವರೇ.

ಜೇಬಿನೊಳಗೆ ಬೆರಳು ತೂರಿಸಿ ಹೊಲಿಗೆಗೆ ಬ್ಲೇಡು ತಾಗಿಸಿದಳು.

ಬೆರಳು ಅಲ್ಲೇ ನಿಂತಿತು.

ಒಳಗಡೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಹರಿದದ್ದನ್ನು ಯಾರೋ ಕೈಯಲ್ಲಿ ಹೊಲಿದಿದ್ದರು. ಒತ್ತೊತ್ತಾದ ಹೊಲಿಗೆ. ಕೊನೆಗೆ ಗಂಟಿನ ಬದಲು, ಒಂದರ ಮೇಲೊಂದು ದಾಟಿ ಹೋದ ಎರಡು ಪುಟ್ಟ ಎಳೆ.

ಯಾರೋ ಅಲ್ಲ. ಅವಳೇ!

ಕಡುನೀಲಿ ಅಂಗಿ ಯಾವ ಗಂಡಸಿನ ಹತ್ತಿರ ಇರಲ್ಲ? ಅಂತ ಇಷ್ಟು ಹೊತ್ತು ಯೋಚನೆಯೇ ಇಲ್ಲದೆ ಕತ್ತರಿ ಆಡಿಸಿದ್ದಳು. ಆದರೆ ಈ ಹೊಲಿಗೆ... ಗಂಡನ ಹೊಡೆತಕ್ಕೆ ಬೀಳುವಾಗ ಆಸರೆಗೆ ಅವಳ ಕೈ ಹಿಡಿದದ್ದು ಆತನ ಇದೇ ಜೇಬನ್ನು. ಜೇಬು ಹರಿಯಿತು. ಅದಕ್ಕೂ ಏಟು ಬಿತ್ತು. ಮರುದಿನ ಊದಿದ ಬೆರಳಲ್ಲೇ ಕೂತು ಅದನ್ನು ಹೊಲಿದಿದ್ದಳು.

"ಏನಾಯ್ತೇ? ದೆವ್ವ ಕಂಡವಳ ಹಾಗೆ ಕೂತಿದ್ದೀಯಲ್ಲ!"

"ದೊಡ್ಡಮ್ಮಾ... ಈ ಅಂಗಿ ಎಲ್ಲಿಂದ ಬಂತು?"

"ನಮ್ಮ ಇಸ್ತ್ರಿ ಅಂಗಡಿಯಿಂದ. ಜನ ಕೊಟ್ಟು ಮರೆತು ಹೋದ ಬಟ್ಟೆ ರಾಶಿ ಬಿದ್ದಿತ್ತು. ಅವನು ಇರಲಿಲ್ಲ, ನಾನೇ ಬಾಚಿಕೊಂಡು ಬಂದೆ. ಹೇಗೂ ನಮಗೇ ಕೊಡ್ತಾನಲ್ಲ."

ಅವಳು ಬ್ಲೇಡು ಬಿಟ್ಟು ಪಕ್ಕದ ಕತ್ತರಿಯನ್ನು ಹಿಡಿದುಕೊಂಡಳು. 'ಹಾಗಾದರೆ ಆತ ಈ ಊರಿಗೆ ಬಂದಿದ್ದ. ಆ ಅಂಗಡಿಯೊಳಗೆ ನಿಂತಿದ್ದ. ಆ ಅಂಗಡಿ ಇಲ್ಲಿಂದ ಎಷ್ಟು ದೂರ? ಕೂಗಿದರೆ ಕೇಳಿಸುವಷ್ಟು...'

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು!

ಇಸ್ತ್ರಿಯವನು ದಿನಾ ಮಧ್ಯಾಹ್ನ ಬರುತ್ತಿದ್ದ. ಹೊಲಿದ ಮನೆಗಳನ್ನು ಕಾಯಿಸಿ ಮಟ್ಟಮಾಡಿ ಕೊಡುತ್ತಿದ್ದ. ಮೊದಲು ಕೆಳಗಿನ ಮೆಟ್ಟಿಲಲ್ಲಿ ಕೆಮ್ಮು, ನಡುವೆ ಇನ್ನೊಂದು, ಬಾಗಿಲಲ್ಲಿ ಮತ್ತೊಂದು... ಆಮೇಲೆ ಮನುಷ್ಯ. "ಈ ವಯಸ್ಸಿಗೇ ಎದೆ ಗೂಡು ಸವೆದುಹೋಗಿದೆ," ಅಂತ ದೊಡ್ಡಮ್ಮ ಗೊಣಗಿ ಅವನಿಗೆ ಔಷಧಿ ತಂದುಕೊಡುತ್ತಿದ್ದರು.

ಇವತ್ತು ಕೆಮ್ಮಿಲ್ಲ. ಒಮ್ಮೆಗೇ ಬಾಗಿಲಲ್ಲಿ ಅವನು.

"ದೊಡ್ಡಮ್ಮ, ಆ ಗಂಟಿನಲ್ಲಿ ಒಂದು ನೀಲಿ ಅಂಗಿ—"

ಅವನ ಕಣ್ಣು ಅವಳ ಮಡಿಲಿಗೆ ಬಿತ್ತು. ಮುಖ ಬಿಳಿಚಿಕೊಂಡಿತು.

"ಅದು ಬೇಡ. ಮುಟ್ಟಬೇಡಿ ಅದನ್ನ... ಕೊಡಿ ಇಲ್ಲಿ!"

ಚಾಚಿದ ಕೈ. ಅವಳು ಗೋಡೆಗೆ ಒತ್ತಿಕೊಂಡಳು. ಕತ್ತರಿಯ ತುದಿ ತಾನಾಗಿಯೇ ಮೇಲೆದ್ದಿತ್ತು.

ಅವನು ಥಟ್ಟನೆ ಕೈ ಹಿಂದೆಗೆದುಕೊಂಡ.

'ಇವನಿಗೆ ಗೊತ್ತು. ಎಲ್ಲ ಗೊತ್ತು! ಇವನೇ ಆತನಿಗೆ...'

"ತಲೆನೋವು ದೊಡ್ಡಮ್ಮ," ಅಂದವಳೇ ಹೊರಟಳು. ಅವನ ಪಕ್ಕದಿಂದ ಹಾಯುವಾಗ ಆ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು.

ಹಿತ್ತಿಲ ಓಣಿಯಲ್ಲಿ ಓಡುತ್ತ ಓಡುತ್ತ ಅಳು ಬಂತು. ಭಯಕ್ಕಲ್ಲ, ಭಯ ಅವಳಿಗೆ ಹಳೆಯ ನೆಂಟ. ಅಳು ಬಂದದ್ದು ಅವನಿಗಾಗಿ! ರಾಶಿಯಲ್ಲಿ ಮೊದಲು ಅವಳ ಮನೆಯನ್ನೇ ಎತ್ತಿಕೊಳ್ಳುತ್ತಿದ್ದವನು. ಪ್ರತಿ ಹೊಲಿಗೆಯ ಅಂಚನ್ನೂ ಗಾಢ ಬಣ್ಣದ ಕಡೆಗೇ ಮಡಿಚಿ ಒತ್ತುತ್ತಿದ್ದವನು. "ಬೆಳಕಿನ ಪಟ್ಟಿ ಕೆಳಗೆ ಕಪ್ಪು ಇಣುಕಬಾರದು ನೋಡಿ, ಸೂಜಿ ಮೇಡಂ," ಅಂದವನು. ಅವನ ಮಾತಿಗೆ ಒಂದೆರಡು ಸಲ ನಕ್ಕಿದ್ದಳು ಕೂಡ...

'ನಗಬಾರದಿತ್ತು.'

ಅವಳ ಬಾಡಿಗೆ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೆಂಪು ಚೀಲ. ದಪ್ಪ ಬಟ್ಟೆಯಲ್ಲಿ ಅವಳೇ ಹೊಲಿದದ್ದು. ಒಳಗೆ ಎರಡು ಜೊತೆ ಬಟ್ಟೆ, ಟವಲು, ಒಂದು ಸೋಪು. ಎಷ್ಟು ಹೊತ್ತಿಗೆ ಓಡಬೇಕಾಗುತ್ತದೋ ಯಾರಿಗೆ ಗೊತ್ತು? ಮನೆಯಲ್ಲಿ ಸೋಪು ಮುಗಿದ ದಿನವೂ ಆ ಚೀಲದ ಸೋಪನ್ನು ಅವಳು ಮುಟ್ಟಿದವಳಲ್ಲ.

ಚೀಲ ಹೆಗಲಿಗೇರಿತು.

ಊರಿಗಿದ್ದದ್ದು ಒಂದೇ ಬಸ್ ನಿಲ್ದಾಣ. ಅದರ ಎದುರಿಗೇ ಇಸ್ತ್ರಿ ಅಂಗಡಿ. ಸದ್ಯ, ಬಾಗಿಲು ಮುಚ್ಚಿತ್ತು. ಆದರೂ ಅವಳು ಕಂಬದ ಮರೆಯಲ್ಲಿ ನಿಂತಳು. ನೀಲಿ ಅಂಗಿ ತೊಟ್ಟ ಯಾರು ದಾಟಿದರೂ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಹಿಂದಿನಿಂದ, ಸಾಕಷ್ಟು ದೂರದಿಂದ, ಒಂದು ಕೆಮ್ಮು ಕೇಳಿಸಿತು.

ಅವಳು ತಿರುಗಲಿಲ್ಲ. ಇನ್ನೊಂದು ಕೆಮ್ಮು. ಸ್ವಲ್ಪ ಹತ್ತಿರ.

"ಅಲ್ಲೇ ನಿಲ್ಲಿ!" ಅಂದಳು.

"ನಿಂತಿದೀನಿ." ಅವನು ನಿಜಕ್ಕೂ ನಿಂತಿದ್ದ. "ಅಂಗಡಿ ಬಾಗಿಲು ತೆಗೆಯೋಕೆ ಬಂದೆ. ಇಲ್ಲಿ ನೀವು..."

"ಎಷ್ಟು ಕೊಟ್ಟ ಆತ ನಿಮಗೆ?"

"ಒಂದು ಅಂಗಿ ಕೊಟ್ಟ. ಅಷ್ಟೇ." ಅವನು ತಲೆ ತಗ್ಗಿಸಿದ. "ಕಳೆದ ತಿಂಗಳು ಬಸ್ಸಿಳಿದು ನೇರ ನನ್ನ ಅಂಗಡಿಗೇ ಬಂದ. ಅಂಗಿ ಮೇಲೆ ಚಹಾ ಚೆಲ್ಲಿತ್ತು. ಒಗೆದು ಇಸ್ತ್ರಿ ಮಾಡಿಡು, ಸಂಜೆ ಬರ್ತೀನಿ ಅಂದ. ಆಮೇಲೆ ಫೋನಲ್ಲಿ ನಿಮ್ಮ ಫೋಟೋ ತೋರಿಸಿದ. ಇವಳನ್ನ ನೋಡಿದೀಯಾ ಅಂತ ಕೇಳಿದ."

ಅವಳು ಕಂಬವನ್ನು ಹಿಡಿದುಕೊಂಡಳು. "ನೀವು?"

"ನೋಡಿದೀನಿ ಅಂದೆ."

"ಅಯ್ಯೋ!"

"ಪೂರ್ತಿ ಕೇಳಿ! ನೋಡಿದೀನಿ, ಎರಡು ದಿನದ ಹಿಂದೆ ಇಲ್ಲೇ ಬಸ್ ಹತ್ತಿದ್ರು, ದೂರದ ಬಸ್ಸು, ಎರಡು ಪೆಟ್ಟಿಗೆ ಇತ್ತು ಅಂದೆ. ಇಲ್ಲ ಅಂದಿದ್ರೆ ಅವನು ಮನೆಮನೆ ತಿರುಗ್ತಿದ್ದ. ಮುಂದಿನ ಬಸ್ಸಿಗೇ ಹಾರಿಕೊಂಡು ಹೋದ. ಅಂಗಿ ನೆನಪೂ ಆಗಲಿಲ್ಲ ಅವನಿಗೆ."

ಅಂಗಿ ಉಳಿದದ್ದು ಹಾಗೆ. ಅದನ್ನು ಇಸ್ತ್ರಿಯವನು ರಾಶಿಯ ತಳದಲ್ಲಿ ಹೂತಿಟ್ಟಿದ್ದ. ದೊಡ್ಡಮ್ಮ ತಳಸಮೇತ ಬಾಚಿಕೊಂಡು ಹೋಗಿದ್ದರು.

ಅವಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು.

"ಒಂದು ತಿಂಗಳು! ಒಂದು ತಿಂಗಳು ನಾನು ಇದೇ ಬೀದಿಯಲ್ಲಿ ಓಡಾಡಿದೀನಿ. ನನಗೆ ಯಾಕೆ ಹೇಳಲಿಲ್ಲ?"

"ಹೆದರ್ತೀರಿ ಅಂತ..."

"ನನ್ನ ಭಯ ನನ್ನದು ರೀ! ಅದನ್ನ ಮುಚ್ಚಿಡೋಕೆ ನೀವ್ಯಾರು?"

ಅವನು ವಾದ ಮಾಡಲಿಲ್ಲ. "ತಪ್ಪಾಯ್ತು. ಹೇಳಬೇಕಿತ್ತು."

'ತಪ್ಪಾಯ್ತು.' ಗಂಡಸಿನ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ಆತ ಮತ್ತೆ ಬಂದ್ರೆ?"

"ಬರಬಹುದು. ಬರೋದೇ ಇಲ್ಲ ಅಂತ ಸುಳ್ಳು ಹೇಳಲ್ಲ. ಬಂದ್ರೆ ಮೊದಲು ನಿಮಗೆ ಹೇಳ್ತೀನಿ. ಆಮೇಲೆ ನೀವು ಏನು ಅಂತೀರೋ ಅದು."

ದೂರದಲ್ಲಿ ಬಸ್ಸು ಕಾಣಿಸಿತು. ಅವನು ಇನ್ನೂ ಅಲ್ಲೇ ನಿಂತಿದ್ದ. ಅವಳು ನಿಲ್ಲಿ ಅಂದ ಜಾಗದಲ್ಲೇ. ಇಷ್ಟು ಹೊತ್ತು ಮಾತಾಡಿದರೂ... ಒಂದೇ ಒಂದು ಸಲ ಕೆಮ್ಮಿರಲಿಲ್ಲ.

"ನಿಮಗೆ ಕೆಮ್ಮಿಲ್ಲ ಅಲ್ವಾ?" ಅಂದಳು ನಿಧಾನವಾಗಿ.

ಅವನ ಕಿವಿ ಕೆಂಪಾಯಿತು. "ಮೊದಲನೇ ದಿನ ಹಿಂದಿನಿಂದ ಬಂದು ನಿಮ್ಮ ಪಕ್ಕದ ಬಟ್ಟೆ ಎತ್ತಿದೆ. ನೀವು ಮೇಜಿನ ಕೆಳಗೆ ಸೇರಿಕೊಂಡುಬಿಟ್ರಿ. ನೆನಪಿದೆಯಾ? ಆವತ್ತಿಂದ... ಬರೋದು ಮೊದಲೇ ಗೊತ್ತಾದ್ರೆ ಹೆದರೋದಿಲ್ವೇನೋ ಅಂತ. ಇವತ್ತು ಗಾಬರಿಯಲ್ಲಿ ಮರೆತೆ."

"ಮತ್ತೆ... ದೊಡ್ಡಮ್ಮ ಕೊಟ್ಟ ಔಷಧಿ?"

"ಕುಡಿದೆ. ಎದುರಿಗೇ ನಿಂತು ಕುಡಿಸ್ತಾರಲ್ಲ! ಮೂರು ಬಾಟಲಿ."

ಅವಳಿಗೆ ನಗು ಉಕ್ಕಿತು. ನಕ್ಕದ್ದಕ್ಕೇ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

ಬಸ್ಸು ನಿಂತಿತು.

"ಹತ್ತಬೇಕು ಅನ್ನಿಸಿದ್ರೆ ಹತ್ತಿ," ಅವನು ಅಂದ. "ತಡೆಯೋಲ್ಲ. ಆದ್ರೆ ಒಂದು ಮಾತು... ನೀವು ಹೋದ್ರೆ ನನಗೆ ಕೆಮ್ಮೋಕೂ ಯಾರೂ ಇರಲ್ಲ."

"ಹತ್ತೋದಾದ್ರೆ ಹತ್ತಿ ಅಕ್ಕ, ಇಲ್ಲಾಂದ್ರೆ ದಾರಿ ಬಿಡಿ!" ಕಂಡಕ್ಟರು ಗದರಿದ.

ಅವಳು ದಾರಿ ಬಿಟ್ಟಳು.

ಆದರೂ ಚೀಲ ಮತ್ತೆ ಮೊಳೆಗೇ ಹೋಯಿತು, ತುಂಬಿದ್ದ ಹಾಗೇ. ಬಾಗಿಲ ಚಿಲಕ ಹಾಕಿ, ಹಾಕಿದೆಯೋ ಇಲ್ಲವೋ ಅಂತ ಮತ್ತೆ ಎಳೆದು ನೋಡಿದಳು. ಭಯ ಅಷ್ಟು ಸುಲಭಕ್ಕೆ ಬಸ್ ಹತ್ತಿ ಹೋಗುವ ನೆಂಟ ಅಲ್ಲ.

ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ತಲೆ ಬಾಚುವಾಗ, ಕನ್ನಡಿಯೊಳಗೆ ಆ ಕೆಂಪು ಕಾಣಿಸಿತು. ಬಾಚಣಿಗೆ ಕೂದಲಲ್ಲೇ ನಿಂತಿತು.

ಸುಮಾರು ಹೊತ್ತು ಅದನ್ನೇ ನೋಡಿದಳು.

ಆಮೇಲೆ ಚೀಲ ಇಳಿಸಿದಳು. ಬಟ್ಟೆ ಬೀರುವಿಗೆ ಹೋಯಿತು. ಟವಲು ಬಚ್ಚಲ ಹಗ್ಗಕ್ಕೆ. ಸೋಪಿನ ಕಾಗದವನ್ನೂ ಹರಿದಳು. ಖಾಲಿ ಚೀಲವನ್ನು ಮಡಿಲಿಗೆಳೆದು ಕತ್ತರಿ ತೆಗೆದುಕೊಂಡಳು.

ಮಧ್ಯಾಹ್ನ ದೊಡ್ಡಮ್ಮ ನೆಲದ ತುಂಬ ಮನೆಗಳನ್ನು ಹರಡಿ, ತಿರುಗಿಸಿ, ಮತ್ತೆ ತಿರುಗಿಸಿ ಜೋಡಿಸುತ್ತಿದ್ದರು. ನಾಲ್ಕು ಮನೆಗಳ ಬೆಳಕಿನ ಬದಿ ಒಂದಕ್ಕೊಂದು ಮುಖ ಮಾಡಿದಾಗ ನಡುವೆ ಬಿಸಿಲು ಬಿದ್ದ ಅಂಗಳದಂತೆ ಕಾಣುತ್ತಿತ್ತು. ಮೂಲೆಯೊಂದು ಖಾಲಿಯಿತ್ತು.

ಅವಳು ಅಲ್ಲಿ ಕೊನೆಯ ಮನೆಯನ್ನು ಇಟ್ಟಳು. ನಡುವೆ ದಪ್ಪ ಬಟ್ಟೆಯ ಕೆಂಪು ಒಲೆ. ನೆರಳಿನ ಬದಿಯಲ್ಲಿ, ಒಲೆಯಿಂದ ಅತಿ ದೂರದ ಅಂಚಿಗೆ, ಒಂದು ಕಡುನೀಲಿ ಪಟ್ಟಿ. ಅದರ ಮೇಲೆ ಅವಳದೇ ಹಳೆಯ ಹೊಲಿಗೆ.

"ಅರೆ! ಕೆಂಪು ಎಲ್ಲಿ ಸಿಕ್ತೇ?" ದೊಡ್ಡಮ್ಮ ಕಣ್ಣರಳಿಸಿದರು.

"ಮನೆಯಲ್ಲಿತ್ತು ದೊಡ್ಡಮ್ಮ."

"ಕಳ್ಳಿ! ಬಚ್ಚಿಟ್ಟುಕೊಂಡಿದ್ದೆಯಾ ಇಷ್ಟು ದಿನ?"

ಅವಳು ಮೂಲೆಯ ಮನೆಯನ್ನು ಅಂಗೈಯಿಂದ ಸವರಿ ನೇರಮಾಡಿದಳು.

ಕೆಳಗಿನ ಮೆಟ್ಟಿಲಲ್ಲಿ ಒಂದು ಕೆಮ್ಮು. ನಡುವೆ ಇನ್ನೊಂದು. ಬಾಗಿಲಲ್ಲಿ ಮತ್ತೊಂದು. ದೊಡ್ಡಮ್ಮ ಗೊಣಗುತ್ತ ಔಷಧಿ ಬಾಟಲಿ ಹುಡುಕಲು ಒಳಗೆ ಹೋದರು.

ಅವನು ಬಗ್ಗಿ ಆ ಮನೆಯನ್ನು ನೋಡಿದ. ನೀಲಿ ಪಟ್ಟಿಯನ್ನು ನೋಡಿದ. ಕೆಂಪನ್ನೂ ನೋಡಿದ. ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ನೋಡಿ, ಅಂಚುಗಳನ್ನು ಗಾಢ ಬಣ್ಣದ ಕಡೆಗೆ ಮಡಿಚಿ ಒತ್ತತೊಡಗಿದ.

"ಇನ್ನು ಕೆಮ್ಮೋದು ನಿಲ್ಲಿಸಲಾ?" ತಲೆಯೆತ್ತದೆ ಮೆಲ್ಲಗೆ ಕೇಳಿದ.

"ಬೇಡ..." ಅಂದಳು. "ಇನ್ನೂ ಸ್ವಲ್ಪ ದಿನ ಇರಲಿ."

"ಎಷ್ಟು ದಿನ?"

ಅವಳು ತನ್ನ ಕುರ್ಚಿಯನ್ನು ಗೋಡೆಯ ಕಡೆಯಿಂದ ಅವನ ಮೇಜಿನ ಪಕ್ಕಕ್ಕೆ ಎಳೆದುಕೊಂಡು ಕೂತಳು. ಬಾಗಿಲಿಗೆ ಬೆನ್ನು ಮಾಡಿ.

"ಔಷಧಿ ಕಹಿಯಾ?" ಅಂತಷ್ಟೇ ಕೇಳಿದಳು.

"ಸಿಹಿಯಾಗಿದೆ," ಅಂದ ಅವನು.